ಡೇರೆಗೆ ಹಾಕಿದ್ದು ಮಳೆಗೆ ಹೋಗದ ಹಾಗೆ: ಮಲೆನಾಡಿನ ಹಿತ್ತಲಿಗೆ ಗೊಬ್ಬರ

ಮದುವೆಯಾಗಿ ತೀರ್ಥಹಳ್ಳಿ ಕಡೆಗೆ ಬಂದ ಎರಡನೇ ಮಳೆಗಾಲ. ಜೂನ್ ತಿಂಗಳು, ಆರಿದ್ರಾ ಮಳೆ ಹುಟ್ಟಲು ನಾಲ್ಕು ದಿನ ಬಾಕಿ ಇತ್ತು. ಅತ್ತೆ ನೆಟ್ಟಿದ್ದ 18 ಡೇರೆ, ಅಂದರೆ ಡೇಲಿಯಾ ಹೂವಿನ ಗಿಡಗಳು ಮೊಣಕಾಲೆತ್ತರ ಬಂದಿದ್ದವು. ಅವರು ಮಗಳ ಬಾಣಂತನಕ್ಕೆ ಅಂತ ಹೋಗಿದ್ದರು. ವಾಪಸ್ ಬರುವಷ್ಟರಲ್ಲಿ ಗಿಡ ದಷ್ಟಪುಷ್ಟ ಮಾಡಿ ತೋರಿಸಬೇಕು ಅಂತ ನನಗೆ ಆಸೆ. ಗದ್ದೆಗೆ ತಂದಿಟ್ಟಿದ್ದ ಯೂರಿಯಾ ಚೀಲ ಜಗಲಿಯ ಮೂಲೆಯಲ್ಲೇ ಇತ್ತು. ಗಿಡಕ್ಕೊಂದು ಹಿಡಿ ಹಾಕಿದೆ.

ಎರಡು ದಿನ ಮಳೆ ಬರಲಿಲ್ಲ. ಎಲೆಯ ಅಂಚು ಬೆಂಕಿಗೆ ಹಿಡಿದಂತೆ ಕಂದಾಯಿತು. ಮೂರನೇ ದಿನ ಬಂತು ನೋಡಿ ಮಳೆ, ಅಂಗಳದಲ್ಲಿ ಹೊಳೆ ಹರಿದ ಹಾಗೆ. 18ರಲ್ಲಿ 7 ಗಿಡ ಸತ್ತವು. ಉಳಿದವು ನನ್ನೆತ್ತರ ಬೆಳೆದವು, ಆದರೆ ಕಾಂಡವೆಲ್ಲ ನೀರು ನೀರು. ಒಂದು ಗಾಳಿಗೆ ಮಕಾಡೆ ಮಲಗಿದವು. ಗೌರಿ ಹಬ್ಬಕ್ಕೆ ಪಕ್ಕದ ಮನೆಯಿಂದ ಹೂ ಕೇಳಿ ತರಬೇಕಾಯಿತು. ಅತ್ತೆ ಬೈಯಲಿಲ್ಲ. "ಗಿಡಕ್ಕೆ ಹಾಕಿದೆಯೋ, ಮಳೆಗೆ ಹಾಕಿದೆಯೋ?" ಅಂದರು ಅಷ್ಟೇ.

ಆ ಮಾತು ಅರ್ಥವಾಗಲು ನನಗೆ ನಾಲ್ಕೈದು ವರ್ಷ ಹಿಡಿಯಿತು. ನನ್ನ ತವರು ಹೊನ್ನಾಳಿ ಕಡೆ. ಅಲ್ಲಿ ಎರೆಮಣ್ಣು. ಯುಗಾದಿಗೆ ಒಂದು ಗಾಡಿ ತಿಪ್ಪೆಗೊಬ್ಬರ ಹೊಡೆದರೆ ಮಣ್ಣು ಅದನ್ನು ವರ್ಷಪೂರ್ತಿ ಹಿಡಿದುಕೊಂಡು, ಬೇಕಾದಾಗ ಬೇಕಾದಷ್ಟು ಕೊಡುತ್ತದೆ. ಇಲ್ಲಿನದು ಕೆಂಪು ಮಣ್ಣು, ಒಂದು ಮೊಳ ಅಗೆದರೆ ಜಂಬಿಟ್ಟಿಗೆ ಕಲ್ಲು. ಮೇಲಿಂದ ಈ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಬೀಳುತ್ತದೆ. ನಮ್ಮೂರಲ್ಲಿ ಅಷ್ಟಿಲ್ಲ. ಆದರೂ ಹಾಕಿದ್ದನ್ನು ತೊಳೆದುಕೊಂಡು ಹೋಗಲು ಅದರ ಅರ್ಧವೂ ಬೇಡ.

ಹಾಗಾಗಿ ಬಯಲುಸೀಮೆಯವರಿಗೋ ಬೆಂಗಳೂರಿನ ತಾರಸಿಯವರಿಗೋ ಬರೆದಿಟ್ಟ ಲೆಕ್ಕವನ್ನು ಇಲ್ಲಿಗೆ ತಂದರೆ ಸರಿಹೋಗುವುದಿಲ್ಲ. ಅಲ್ಲಿಯವರಿಗೆ ಯಾವ ಗೊಬ್ಬರ, ಎಷ್ಟು ಅನ್ನುವುದು ಪ್ರಶ್ನೆ. ನಮಗೆ ಯಾವಾಗ ಅನ್ನುವುದೂ ಅಷ್ಟೇ ದೊಡ್ಡ ಪ್ರಶ್ನೆ.

ಮೊದಲು ಮಣ್ಣಿನ ವಿಷಯ

ಸಾರಜನಕ ಎಲೆ ಮತ್ತು ಚಿಗುರಿಗೆ. ರಂಜಕ ಬೇರಿಗೆ, ಮೊಗ್ಗಿಗೆ. ಪೊಟ್ಯಾಷ್ ಕಾಂಡ ಗಟ್ಟಿಯಾಗಲು, ಹೂ-ಕಾಯಿ ತುಂಬಲು. ಚೀಲದ ಮೇಲೆ 19:19:19 ಅಂತಲೋ 10:26:26 ಅಂತಲೋ ಇರುತ್ತಲ್ಲ, ಆ ಮೂರು ಅಂಕಿ ಇದೇ ಕ್ರಮದಲ್ಲಿ ಶೇಕಡಾ ಎಷ್ಟಿದೆ ಅಂತ ಹೇಳುತ್ತವೆ. ಇಷ್ಟು ಎಲ್ಲರಿಗೂ ಗೊತ್ತು.

ಗೊತ್ತಿಲ್ಲದ್ದು, ಅಥವಾ ನನಗೆ ಗೊತ್ತಿರದಿದ್ದದ್ದು, ಇವುಗಳಲ್ಲಿ ಯಾವುದು ಮಣ್ಣಲ್ಲಿ ನಿಲ್ಲುತ್ತದೆ, ಯಾವುದು ಓಡುತ್ತದೆ ಅನ್ನುವುದು. ಯೂರಿಯಾ ಮಣ್ಣಿಗೆ ಬಿದ್ದು ಕೆಲವು ದಿನಗಳಲ್ಲಿ ಮೊದಲು ಅಮೋನಿಯ ರೂಪಕ್ಕೆ, ಆಮೇಲೆ ನೈಟ್ರೇಟ್ ರೂಪಕ್ಕೆ ತಿರುಗುತ್ತದೆ. ನೈಟ್ರೇಟನ್ನು ಮಣ್ಣು ಹಿಡಿದುಕೊಳ್ಳುವುದಿಲ್ಲ. ನೀರು ಎತ್ತ ಹೋದರೆ ಅದೂ ಅತ್ತ. ಪೊಟ್ಯಾಷ್, ಸುಣ್ಣ, ಮೆಗ್ನೀಸಿಯಂ ಇವನ್ನು ಮಣ್ಣಿನ ಜೇಡಿ ಸ್ವಲ್ಪ ಹಿಡಿಯುತ್ತದೆ. ಆದರೆ ನಮ್ಮ ಕೆಂಪು ಜೇಡಿಯ ಮುಷ್ಟಿ ಸಡಿಲ, ಎರೆಮಣ್ಣಿನಷ್ಟು ಬಿಗಿ ಇಲ್ಲ. ಸಾವಿರಾರು ವರ್ಷದ ಮಳೆ ಇವನ್ನೆಲ್ಲ ತೊಳೆದ ಕಾರಣಕ್ಕೇ ನಮ್ಮ ಮಣ್ಣು ಹುಳಿಯಾಗಿರುವುದು. ರಂಜಕದ ಕಥೆ ಇದಕ್ಕೆ ತಿರುಗುಮುರುಗು. ಅದು ಓಡುವುದಿಲ್ಲ. ಹುಳಿ ಮಣ್ಣಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅದನ್ನು ಅಪ್ಪಿಕೊಂಡು ಬಿಡುವುದೇ ಇಲ್ಲ. ಮಣ್ಣಲ್ಲಿ ಇದ್ದರೂ ಗಿಡಕ್ಕೆ ಸಿಗದು.

ಇಲ್ಲೇ ಕೊಟ್ಟಿಗೆ ಗೊಬ್ಬರ ಕೆಲಸಕ್ಕೆ ಬರುವುದು. ಅದನ್ನು ನಾವು ಗಿಡದ ಊಟ ಅಂತ ಮಾತ್ರ ಎಣಿಸುತ್ತೇವೆ. ಊಟ ಅಂತ ನೋಡಿದರೆ ಅದು ಬಡವರ ಗಂಜಿ. ಸಾರಜನಕ ಶೇ. 0.5ರ ಆಸುಪಾಸು. ಯೂರಿಯಾದಲ್ಲಿ ಶೇ. 46. ನಾನು ಡೇರೆಗೆ ಹಾಕಿದ ಒಂದು ಹಿಡಿ, ಅಂದರೆ ಸುಮಾರು 50 ಗ್ರಾಂ ಯೂರಿಯಾದಲ್ಲಿ 23 ಗ್ರಾಂ ಸಾರಜನಕ ಇತ್ತು. ಅಷ್ಟನ್ನು ಕೊಟ್ಟಿಗೆ ಗೊಬ್ಬರದಲ್ಲಿ ಕೊಡಬೇಕಾದರೆ ನಾಲ್ಕೂವರೆ ಕೆಜಿ ಬೇಕು. ಅದೂ ಗಿಡಕ್ಕೆ ಸಿಗುವುದು ನಿಧಾನಕ್ಕೆ, ವರ್ಷಗಟ್ಟಲೆ. ನಾನು ಎಳೆ ಗಿಡದ ಬಾಯಿಗೆ ಒಂದೇ ರಾತ್ರಿ ಅಷ್ಟನ್ನೂ ತುರುಕಿದ್ದೆ. ಸುಡದೇ ಇರುತ್ತದೆಯೇ?

ಆದರೆ ಕಳಿತ ಗೊಬ್ಬರ ಊಟಕ್ಕಿಂತ ಹೆಚ್ಚಾಗಿ ಪಾತ್ರೆ. ಪೊಟ್ಯಾಷನ್ನು, ಸುಣ್ಣವನ್ನು, ಅಮೋನಿಯವನ್ನು ಅದು ಜೇಡಿಗಿಂತ ಎಷ್ಟೋ ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ. ರಂಜಕವನ್ನು ಕಬ್ಬಿಣದ ಕೈಗೆ ಸಿಗದಂತೆ ಅಷ್ಟಿಷ್ಟು ಕಾಯುತ್ತದೆ. ಪಾತ್ರೆ ಇಲ್ಲದ ಮಣ್ಣಿಗೆ ಎಷ್ಟು ಸುರಿದರೂ ತೂತು ಕೊಡಕ್ಕೆ ನೀರು ಹೊಯ್ದಂತೆ. ಆದ್ದರಿಂದ ನಾನು ಹೊಸಬರಿಗೆ ಹೇಳುವುದು ಒಂದೇ. ಮೊದಲ ಎರಡು ವರ್ಷ ಚೀಲದ ಗೊಬ್ಬರದ ಚಿಂತೆ ಬಿಡಿ. ಗೊಬ್ಬರದ ಗುಪ್ಪೆ ಮಾಡಿ.

ಗುಪ್ಪೆ ಅಂದೆ, ಗುಂಡಿ ಅಲ್ಲ. ಇದರ ಬಗ್ಗೆ ನಮ್ಮನೆಯಲ್ಲೇ ದೊಡ್ಡ ಜಗಳ ಆಗಿದೆ. ಯಜಮಾನರ ಅಜ್ಜನ ಕಾಲದಿಂದಲೂ ಕೊಟ್ಟಿಗೆ ಹಿಂದೆ ಗುಂಡಿ ಇತ್ತು. ಮಳೆಗಾಲದಲ್ಲಿ ಅದು ಕೆರೆ. ಕಪ್ಪು ರಸ ಉಕ್ಕಿ ಅಗಳಕ್ಕೆ ಹರಿಯುತ್ತಿತ್ತು. ಆ ಕಪ್ಪು ರಸವೇ ಪೊಟ್ಯಾಷ್, ಅದೇ ಸಾರಜನಕ. ದೀಪಾವಳಿಗೆ ಗುಂಡಿ ತೆಗೆದರೆ ಉಳಿದಿರುತ್ತಿದ್ದದ್ದು ನಾರು, ನಾತ. ನೀರು ನಿಂತ ಕಡೆ ಗಾಳಿ ಆಡುವುದಿಲ್ಲ, ಕಳಿಯುವ ಬದಲು ಕೊಳೆಯುತ್ತದೆ. ಬೇಸಿಗೆಯಲ್ಲಿ ತೇವ ಕಾಯಲು ಬಯಲುಸೀಮೆಯವರಿಗೆ ಗುಂಡಿ ಬೇಕು. ನಮಗೆ ಎತ್ತರದ ಜಾಗ, ನಾಲ್ಕು ಅಡಿಕೆ ದಬ್ಬೆಯ ಗೂಟ, ಮೇಲೆ ತಗಡಿನದೋ ಸೋಗೆಯದೋ ಮಾಡು (ಚಾವಣಿ) ಬೇಕು.

ಪದರ ಹೀಗೆ ಹಾಕುತ್ತೇನೆ. ತಳಕ್ಕೆ ಒಂದು ಗೇಣು ಅಡಿಕೆ ಸಿಪ್ಪೆ ಅಥವಾ ಕಡ್ಡಿ, ಗಾಳಿ ಆಡಲಿಕ್ಕೆ. ಮೇಲೆ ಕೊಟ್ಟಿಗೆಯಿಂದ ಬಂದ ಸೊಪ್ಪು-ಸಗಣಿ. ಅದರ ಮೇಲೆ ದರಗು, ಅಂದರೆ ಉದುರಿದ ಒಣ ಎಲೆ. ಆದರೆ ಸಿಕ್ಕಿದ ಎಲೆಯೆಲ್ಲ ಆಗದು. ಅಕೇಶಿಯಾ ಎಲೆ ಬೇಗ ಕಳಿಯುವುದಿಲ್ಲ. ಒಂದು ವರ್ಷ ಬಿಟ್ಟು ನೋಡಿದರೂ ಚರ್ಮದ ಚೂರಿನ ಹಾಗೆ ಇರುತ್ತದೆ. ಬೇಲಿಯ ಗ್ಲಿರಿಸೀಡಿಯಾ, ನಾವು ಗೊಬ್ಬರದ ಗಿಡ ಅನ್ನುತ್ತೇವಲ್ಲ, ಅದರ ಸೊಪ್ಪು ಸಿಕ್ಕರೆ ಭಾಗ್ಯ. ಸಾರಜನಕ ತುಂಬಿದ ಸೊಪ್ಪು, ತಿಂಗಳೊಳಗೆ ಕರಗುತ್ತದೆ. ನಡುವೆ ನಡುವೆ ಹಳೇ ಗೊಬ್ಬರ ಒಂದು ಬುಟ್ಟಿ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಗಂಜಲ ಇದ್ದರೆ ಅದನ್ನೂ ಹೊಯ್ಯಿರಿ. ಒಂದೂವರೆ ತಿಂಗಳಿಗೊಮ್ಮೆ ಮಗುಚಿದರೆ ಐದಾರು ತಿಂಗಳಿಗೆ ಸಿದ್ಧ.

ಸಿದ್ಧವೋ ಅಲ್ಲವೋ ಅಂತ ನೋಡುವುದು ಹೇಗೆ? ಕೈ ಹಾಕಿದರೆ ಬಿಸಿ ಇರಬಾರದು. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಅನುಮಾನ ಇದ್ದರೆ ಒಂದು ಡಬ್ಬಕ್ಕೆ ತುಂಬಿ ನಾಲ್ಕು ಕಾಳು ಮೆಂತ್ಯ ಹಾಕಿ. ಚೆನ್ನಾಗಿ ಮೊಳೆತರೆ ಸರಿ. ಹಸಿ ಸಗಣಿ, ಅರೆ ಕಳಿತ ದರಗು ಸೀದಾ ಗಿಡದ ಬುಡಕ್ಕೆ ಹೋದರೆ ಮೂರು ತೊಂದರೆ. ಕಳಿಯುವಾಗ ಕಾವು ಬರುತ್ತದೆ. ಒಣ ಎಲೆ ಕಳಿಯಲು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ, ಗಿಡ ಹಳದಿಯಾಗುತ್ತದೆ. ಜೊತೆಗೆ ಗೊಣ್ಣೆಹುಳ. ಬಿಳಿ, ದಪ್ಪ, ಅರ್ಧಚಂದ್ರದ ಹಾಗೆ ಮುದುರಿಕೊಂಡಿರುತ್ತದಲ್ಲ, ಅದು. ಮಗುಚುವಾಗ ಸಿಕ್ಕವನ್ನು ಕೋಳಿಗೆ ಹಾಕಿ. ನಮ್ಮನೆಯಲ್ಲಿ ಕೋಳಿ ಇಲ್ಲ, ಆದರೆ ಗುಪ್ಪೆ ಮಗುಚುವ ದಿನ ಪಕ್ಕದ ಮನೆಯ ಹುಂಜಕ್ಕೆ ಹೇಗೋ ಗೊತ್ತಾಗುತ್ತದೆ.

ಬಚ್ಚಲೊಲೆಯ ಬೂದಿ, ಬಣ್ಣ ಬದಲಿಸಿದ ಹೂ

ನಮ್ಮಲ್ಲಿ ಈಗಲೂ ಸ್ನಾನದ ನೀರು ಕಾಯುವುದು ಕಟ್ಟಿಗೆಯಲ್ಲೇ. ಹಂಡೆ ಒಲೆಯ ಬೂದಿ ವಾರಕ್ಕೆ ಎರಡು ಬುಟ್ಟಿ. ಹಿಂದೆಲ್ಲ ಅದನ್ನು ಬಚ್ಚಲ ಹಿಂದೆ ಸುರಿಯುತ್ತಿದ್ದೆವು. ಅಲ್ಲೊಂದು ಹೈಡ್ರಾಂಜಿಯಾ ಗಿಡ. ಅಂಗಳದ ಇನ್ನೊಂದು ತುದಿಯಲ್ಲಿ ಅದರದ್ದೇ ಕಡ್ಡಿಯಿಂದ ಎಬ್ಬಿಸಿದ ಮತ್ತೊಂದು. ಬಚ್ಚಲ ಹಿಂದಿನದು ಗುಲಾಬಿ ಬಣ್ಣದ ಹೂ ಬಿಡುತ್ತಿತ್ತು, ಅಂಗಳದ್ದು ನೀಲಿ. ಅತ್ತೆ ಅದನ್ನು ದೇವರ ಆಟ ಅನ್ನುತ್ತಿದ್ದರು. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಗಿಡಕ್ಕೆ ಸಿಗುತ್ತದೆ, ಆಗ ಆ ಹೂ ನೀಲಿ. ಬೂದಿಯೋ ಸುಣ್ಣವೋ ಬಿದ್ದು ಹುಳಿ ಇಳಿದರೆ ಅಲ್ಯೂಮಿನಿಯಂ ಸಿಗುವುದಿಲ್ಲ, ಹೂ ಗುಲಾಬಿ. ಅಂಗಳದಲ್ಲೇ ಒಂದು ಮಣ್ಣು ಪರೀಕ್ಷೆ ಯಂತ್ರ ಇಟ್ಟ ಹಾಗೆ ಅಲ್ವಾ?

ಆಮೇಲೆ ಒಂದು ಸಲ ಸರಿಯಾದ ಪರೀಕ್ಷೆಯನ್ನೂ ಮಾಡಿಸಿದೆ. ಶಿವಮೊಗ್ಗದ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಣ್ಣು ಕೊಡಬಹುದು. ಏಳೆಂಟು ಕಡೆ ಒಂದು ಗೇಣು ಆಳ ತೋಡಿ, ಗುಂಡಿಯ ಗೋಡೆಯಿಂದ ಒಂದು ಪದರ ಕೆರೆದು, ಎಲ್ಲ ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ ಕೊಟ್ಟರೆ ಸಾಕು. ಗೊಬ್ಬರ ಹಾಕಿದ ಹೊಸತರಲ್ಲಿ ತೆಗೆಯಬೇಡಿ. ನಮ್ಮ ಹಿತ್ತಲಿನ ಪಿಎಚ್ 5.2 ಬಂತು. 7 ಅಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ, ಅದಕ್ಕಿಂತ ಕೆಳಗೆ ಇಳಿದಷ್ಟೂ ಹುಳಿ ಜಾಸ್ತಿ. ಬಹುತೇಕ ತರಕಾರಿಗೆ 6ರಿಂದ 7 ಹಿತ.

ಬೂದಿಯಲ್ಲಿ ಸಾರಜನಕ ಇಲ್ಲವೇ ಇಲ್ಲ ಅನ್ನಬಹುದು, ಸುಟ್ಟು ಹೋಗಿರುತ್ತದೆ. ಪೊಟ್ಯಾಷ್ ಶೇ. 5ರ ಆಸುಪಾಸು, ಸುಣ್ಣದ ಅಂಶ ಅದಕ್ಕಿಂತ ಎಷ್ಟೋ ಜಾಸ್ತಿ. ಅಂದರೆ ನಮ್ಮ ಮಣ್ಣಿಗೆ ಏನು ಕಡಿಮೆಯೋ ಅದೇ. ಆದರೆ ಆ ಪೊಟ್ಯಾಷ್ ನೀರಲ್ಲಿ ಕರಗುತ್ತದೆ. ಬಯಲಲ್ಲಿ ಸುರಿದ ಬೂದಿಗೆ ನಾಲ್ಕು ಮಳೆ ಬಿದ್ದರೆ ಉಳಿಯುವುದು ಬರೀ ಹಿಟ್ಟು. ಬೂದಿಯನ್ನು ತಗಡಿನ ಡಬ್ಬದಲ್ಲಿ, ಮಾಡಿನ ಕೆಳಗೆ ಒಣಗಿಸಿ ಇಡಿ. ಕೆಂಡ ಪೂರ್ತಿ ಆರಿದ ಮೇಲೆ, ಇದು ಮರೆಯಬೇಡಿ. ತೆಂಗು ಬಾಳೆಗಾದರೆ ಬುಟ್ಟಿ ಲೆಕ್ಕ, ಹೂಗಿಡಕ್ಕೆ ತಿಂಗಳಿಗೆ ಒಂದು ಹಿಡಿ ಸಾಕು.

ಬೂದಿಯನ್ನು ಸಗಣಿ, ಗಂಜಲ, ಯೂರಿಯಾ ಯಾವುದರ ಜೊತೆಗೂ ಬೆರೆಸಬೇಡಿ. ಬೆರೆಸಿದರೆ ಮೂಗಿಗೆ ಘಾಟು ಹೊಡೆಯುತ್ತದಲ್ಲ, ಅದು ಅಮೋನಿಯ. ನಿಮ್ಮ ಸಾರಜನಕ ಗಾಳಿಗೆ ಹೋಗುತ್ತಿದೆ ಅಂತ ಅರ್ಥ. ಎರಡರ ನಡುವೆ 15 ದಿನ ಇರಲಿ. ಸುಣ್ಣಕ್ಕೂ ಇದೇ ಮಾತು. ಕೃಷಿ ಸುಣ್ಣ ಅಥವಾ ಡಾಲೊಮೈಟ್ ಪುಡಿಯನ್ನು ನಾನು ಮುಂಗಾರಿನ ಮುಂಚಿನ ಒಂದೆರಡು ಮಳೆ ಬಿದ್ದ ಮೇಲೆ, ಮೇ ತಿಂಗಳಲ್ಲಿ, ಚದರ ಮೀಟರಿಗೆ 150ರಿಂದ 200 ಗ್ರಾಂ ಹರಡಿ ಕೆದಕುತ್ತೇನೆ. ಡಾಲೊಮೈಟ್ ಆದರೆ ಮೆಗ್ನೀಸಿಯಂ ಕೂಡ ಸಿಗುತ್ತದೆ. ಗೊಬ್ಬರ ಅದಾಗಿ ಎರಡು ಮೂರು ವಾರಕ್ಕೆ. ಗೋಡೆಗೆ ಬಳಿಯುವ ಸುಟ್ಟ ಸುಣ್ಣ ಬೇಡ, ಬೇರು ಸುಡುತ್ತದೆ.

ರಂಜಕಕ್ಕೆ ನಮ್ಮ ಕಡೆ ಒಂದು ಅನುಕೂಲ ಇದೆ. ಶಿಲಾರಂಜಕ, ಅಂಗಡಿಯಲ್ಲಿ ರಾಕ್ ಫಾಸ್ಫೇಟ್ ಅಂತ ಕೇಳಿ, ಹುಳಿ ಮಣ್ಣಿನಲ್ಲಿ ನಿಧಾನಕ್ಕೆ ಕರಗುತ್ತದೆ. ಎರೆಮಣ್ಣಿನಲ್ಲಿ ಅದು ಕಲ್ಲಾಗಿಯೇ ಕೂತಿರುತ್ತದೆ. ತವರಿಗೆ ಅಂತ ಒಂದು ಚೀಲ ಕಳಿಸಿ ಅಣ್ಣನಿಂದ ಬೈಸಿಕೊಂಡಿದ್ದೇನೆ. ಅದನ್ನು ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ ಹಾಕಿ, ಸುಣ್ಣದ ಜೊತೆ ಹಾಕಬೇಡಿ.

ಡೇರೆ

ಬೇರೆ ಯಾವ ಗಿಡಕ್ಕೂ ಇಷ್ಟು ಬರೆಯುವುದಿಲ್ಲ. ಡೇರೆಗೆ ಬರೆಯಲೇಬೇಕು. ಮಲೆನಾಡಿನ ಹೆಂಗಸರು ಚಿನ್ನದ ಸರ ಎರವಲು ಕೊಟ್ಟಾರು, ಹೊಸ ಬಣ್ಣದ ಡೇರೆ ಗೆಡ್ಡೆ ಕೊಡಬೇಕಾದರೆ ಎರಡು ಸಲ ಯೋಚನೆ ಮಾಡುತ್ತಾರೆ.

ಮೇ ಕೊನೆಗೆ ಗೆಡ್ಡೆಯಲ್ಲಿ ಕಣ್ಣು ಮೂಡಿರುತ್ತದೆ. ಒಂದು ಅಡಿ ಗುಂಡಿ, ಎರಡು ಬೊಗಸೆ ಪೂರ್ತಿ ಕಳಿತ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ, ಅರ್ಧ ಹಿಡಿ ಶಿಲಾರಂಜಕ. ಇವನ್ನು ಮಣ್ಣಿನ ಜೊತೆ ಬೆರೆಸಿ, ಮೇಲೆ ಎರಡು ಬೆರಳು ಬರೀ ಮಣ್ಣು ಹಾಕಿ, ಆಮೇಲೆ ಗೆಡ್ಡೆ. ಗೆಡ್ಡೆ ಗೊಬ್ಬರಕ್ಕೆ ತಾಗಬಾರದು, ಕೊಳೆಯುತ್ತದೆ. ಬೇವಿನ ಹಿಂಡಿ ಹಾಕುವುದು ಹುಳಕ್ಕೆ ಅಷ್ಟೇ ಅಲ್ಲ. ಅಮೋನಿಯ ನೈಟ್ರೇಟ್ ಆಗುವುದನ್ನು ಅದು ನಿಧಾನ ಮಾಡುತ್ತದೆ. ನೈಟ್ರೇಟ್ ಆದರೆ ತಾನೇ ಓಡುವುದು? ಯೂರಿಯಾಕ್ಕೇ ಬೇವಿನೆಣ್ಣೆ ಬಳಿದು ಮಾರುವುದೂ ಈ ಕಾರಣಕ್ಕೇ.

ಮಡಿ ನೆಲಕ್ಕಿಂತ ಒಂದು ಗೇಣು ಎತ್ತರ ಇರಲಿ. ಬೇರು ನೀರಲ್ಲಿ ಮುಳುಗಿದರೆ ಉಸಿರಾಡುವುದಿಲ್ಲ. ಉಸಿರಾಡದ ಬೇರು ಗೊಬ್ಬರ ಹೀರುವುದೂ ಇಲ್ಲ. ಪುನರ್ವಸು ಮಳೆಯಲ್ಲಿ ಗಿಡ ಹಳದಿಯಾದಾಗ ಎಲ್ಲರೂ ಗೊಬ್ಬರಕ್ಕೆ ಓಡುತ್ತಾರೆ. ಗುದ್ದಲಿ ತಗೊಂಡು ನೀರು ಬಿಡಿಸಿ ಕೊಡಿ, ಮುಕ್ಕಾಲು ಪಾಲು ಹಳದಿ ಅಷ್ಟಕ್ಕೇ ಹೋಗುತ್ತದೆ.

ಆರು ಎಲೆ ಬಂದಾಗ ತುದಿ ಚಿವುಟಿ. ಚಿವುಟಿದ ಮೇಲೆ ದ್ರವ ಗೊಬ್ಬರ ಶುರು. ನನ್ನದು ಹಿಂಡಿ ನೀರು. ಕಾಲು ಕೆಜಿ ಕಡಲೆಕಾಯಿ ಹಿಂಡಿ, 5 ಲೀಟರ್ ನೀರು, ಹಳೇ ಬಕೆಟ್. ಬಟ್ಟೆ ಕಟ್ಟಿ, ದಿನಾ ಒಂದು ಸಲ ಕೋಲಿನಿಂದ ತಿರುವಿ, ನಾಲ್ಕೈದು ದಿನ ಬಿಡಿ. ನಾತ ಅಂದರೆ ಅಂಥಾ ನಾತ. ನೆಂಟರು ಬರುವ ವಾರ ಮಾಡಬೇಡಿ. ಆ ರಸ 1 ಲೀಟರಿಗೆ 10 ಲೀಟರ್ ನೀರು ಸೇರಿಸಿ, ಗಿಡಕ್ಕೆ 1 ಲೀಟರ್. ಗೋಬರ್ ಗ್ಯಾಸ್ ಇದ್ದವರಿಗೆ ಸ್ಲರಿಯೇ ಸಾಕು, ಒಂದಕ್ಕೆ ಮೂರು ನೀರು. ಹಿಂಡಿಯನ್ನು ಒಣದಾಗಿ ಬುಡಕ್ಕೆ ಹಾಕಿದರೆ ರಾತ್ರಿ ನಾಯಿ ಬಂದು ಗೆಡ್ಡೆ ಸಮೇತ ಅಗೆಯುತ್ತದೆ.

ಯಾವಾಗ ಹಾಕುವುದು ಅನ್ನುವುದಕ್ಕೆ ಕ್ಯಾಲೆಂಡರ್ ಇಲ್ಲ. ಮಳೆ ಬಿಟ್ಟು ಹೊಳವಾಗಿ, ಮಣ್ಣು ಒದ್ದೆ ಇದ್ದು, ನೀರು ನಿಲ್ಲದೇ ಇರುವ ದಿನ. ಒಣ ಮಣ್ಣಿಗೆ ಬೇಡ, ಸುಡುತ್ತದೆ. ಮೋಡ ಕಟ್ಟಿದಾಗ ಬೇಡ, ತೊಳೆಯುತ್ತದೆ. ಜೂನ್‌ನಲ್ಲಿ ಅಂಥ ದಿನ ಎರಡು ಸಿಗುತ್ತವೆ. ಪುನರ್ವಸು, ಪುಷ್ಯದಲ್ಲಿ, ಅಂದರೆ ಜುಲೈ ಪೂರ್ತಿ, ಸಿಗದಿದ್ದರೆ ಬಿಟ್ಟುಬಿಡಿ. ಹಾಕದೇ ಇದ್ದರೆ ಗಿಡ ಸಾಯುವುದಿಲ್ಲ. ಆಶ್ಲೇಷ ಕಳೆದು ಮಘೆ ಮಳೆಯ ಹೊತ್ತಿಗೆ, ಅಂದರೆ ಆಗಸ್ಟ್ ಕೊನೆಗೆ, ನಡುವೆ ಬಿಸಿಲು ಇಣುಕುತ್ತದೆ. ಆಗ 10 ದಿನಕ್ಕೊಮ್ಮೆ ಕೊಡಿ, ಪ್ರತಿ ಸಲ ಸ್ವಲ್ಪ ಸ್ವಲ್ಪವೇ. ತಿಂಗಳದ್ದನ್ನು ಒಂದೇ ಸಲ ಕೊಟ್ಟು, ಮಾರನೇ ದಿನ ಮಳೆ ಬಂದರೆ ತಿಂಗಳದ್ದೂ ಹೋಯಿತು. ಮೂರು ಪಾಲು ಮಾಡಿದರೆ ಹೋಗುವುದು ಒಂದು ಪಾಲು.

ಸಾಸಿವೆ ಕಾಳಿನಷ್ಟು ಮೊಗ್ಗು ಕಂಡ ದಿನ ಹಿಂಡಿ ನೀರು ನಿಲ್ಲಿಸಿ. ಈಗ ಸಾರಜನಕ ಕೊಟ್ಟರೆ ಎಲೆಗೇ ಹೋಗುತ್ತದೆ, ಹೂವಿನ ತೊಟ್ಟು ಮೆತ್ತಗಾಗಿ ತಲೆ ಬಗ್ಗುತ್ತದೆ. ಗಿಡದಿಂದ ಅರ್ಧ ಅಡಿ ದೂರ ಸುತ್ತಲೂ ಒಂದು ಹಿಡಿ ಬೂದಿ ಹಾಕಿ ಮಣ್ಣು ಎಳೆಯಿರಿ. ಬೂದಿ ಇಲ್ಲದವರು ಸಲ್ಫೇಟ್ ಆಫ್ ಪೊಟ್ಯಾಷ್, 0:0:50 ಅಂತ ಸಿಗುತ್ತದೆ, ಲೀಟರಿಗೆ 2 ಗ್ರಾಂ ಕರಗಿಸಿ 15 ದಿನಕ್ಕೊಮ್ಮೆ ಕೊಡಬಹುದು. ಪಕ್ಕದ ಮೊಗ್ಗು ಕಿತ್ತು ನಡುವಿನದೊಂದನ್ನೇ ಬಿಟ್ಟರೆ ಹೂ ತಟ್ಟೆಯಷ್ಟಾಗುತ್ತದೆ. ಅದು ಗೊಬ್ಬರದ ವಿಷಯ ಅಲ್ಲ, ಹೊಟ್ಟೆಕಿಚ್ಚಿನ ವಿಷಯ. ಪಕ್ಕದ ಮನೆಯವರಿಗೆ ತೋರಿಸಲಿಕ್ಕೆ.

ಉಳಿದ ಗಿಡಗಳು

ಗುಲಾಬಿಗೆ ಮಳೆಗಾಲದಲ್ಲಿ ನಾನು ಏನನ್ನೂ ಹಾಕುವುದಿಲ್ಲ. ಎಲೆ ಚುಕ್ಕೆ ರೋಗ ಹಿಡಿದು ಅದು ತನ್ನ ಕಷ್ಟದಲ್ಲಿರುತ್ತದೆ. ಅದಕ್ಕೆ ಸುಗ್ಗಿ ಬರುವುದು ಅಕ್ಟೋಬರ್ ಹೊತ್ತಿನ ಭೂಮಿ ಹುಣ್ಣಿಮೆಯ ಮೇಲೆ. ಆ ಹಬ್ಬದಲ್ಲಿ ಗದ್ದೆಗೆ ಹಚ್ಚಂಬಲಿ, ಅಂದರೆ ಸೊಪ್ಪು ಬೇಯಿಸಿದ ಎಡೆ, ಬೀರಿ ಬಂದ ವಾರದಲ್ಲಿ ಗುಲಾಬಿಯ ಕೊಂಬೆ ಸವರುತ್ತೇನೆ, ಗಿಡಕ್ಕೆ ಅರ್ಧ ಬುಟ್ಟಿ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಆಮೇಲೆ ಯುಗಾದಿ ತನಕ ಮೂರು ವಾರಕ್ಕೊಮ್ಮೆ ಸ್ಲರಿ. ಮಲ್ಲಿಗೆ ಸವರುವುದು ಇನ್ನೂ ಸ್ವಲ್ಪ ತಡವಾಗಿ, ಎಳ್ಳಮಾವಾಸ್ಯೆ ಜಾತ್ರೆಯ ಆಸುಪಾಸು. ದಾಸವಾಳಕ್ಕೆ ರಂಜಕ ಜಾಸ್ತಿ ಆಗಿಬರುವುದಿಲ್ಲ, ಬೂದಿ ಮತ್ತು ಗೊಬ್ಬರ ಸಾಕು.

ತರಕಾರಿಯಲ್ಲಿ ನೀವು ಏನನ್ನು ತಿನ್ನುತ್ತೀರಿ ಅಂತ ನೋಡಿ. ಬಸಳೆಯಲ್ಲಿ ಎಲೆ, ದಂಟು ತಿನ್ನುವುದು, ಹಾಗಾಗಿ ಪ್ರತಿ ಕೊಯ್ಲಿಗೂ ಒಂದು ಚೊಂಬು ಸ್ಲರಿ. ಮೆಣಸು, ಬದನೆ, ಸೌತೆಗೆ ಹೂ ಶುರುವಾದ ಮೇಲೆ ಬೂದಿ. ಅಳಸಂದೆ, ಬೀನ್ಸಿಗೆ ಸಾರಜನಕ ಕೊಡುವುದು ದಂಡ. ಅವುಗಳ ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾ ಗಾಳಿಯಿಂದಲೇ ಹಿಡಿದು ಕೊಡುತ್ತದೆ. ಟೊಮೆಟೊ ಕಾಯಿಯ ತಳ ಕಪ್ಪಾದರೆ ಸುಣ್ಣದ ಅಂಶ ಕಾಯಿಗೆ ತಲುಪಿಲ್ಲ ಅಂತ. ಬಹಳ ಸಲ ಕಾರಣ ನೀವು ಎರಡು ದಿನ ನೀರು ಮರೆತು ಮೂರನೇ ದಿನ ಕೆರೆ ಮಾಡಿದ್ದು.

ಮರದ ಮೇಲಿನ ಸೀತಾಳೆ ದಂಡೆಗೆ ಏನು ಹಾಕಬೇಕು ಅಂತ ಕೇಳುವವರಿದ್ದಾರೆ. ಅದು ಮರದ ತೊಗಟೆ ಮೇಲೆ ಬರೀ ಮಳೆ, ಮಂಜು ಕುಡಿದು ಬದುಕುವ ಗಿಡ. ಅದರ ಪಾಡಿಗೆ ಬಿಡಿ.

ಇಳಿಜಾರು ಅಂಗಳದವರು ಗೊಬ್ಬರವನ್ನು ಗಿಡದ ಮೇಲ್ಭಾಗದಲ್ಲಿ ಅರ್ಧಚಂದ್ರದಂತೆ ಹಾಕಿ ಮಣ್ಣು ಮುಚ್ಚಿ. ಸುತ್ತಲೂ ಹಾಕಿದರೆ ಕೆಳಗಿನ ಅರ್ಧ ಪಕ್ಕದವರ ತೋಟಕ್ಕೆ. ದೊಡ್ಡ ಗಿಡಕ್ಕೆ ಕಾಂಡದ ಬುಡದಲ್ಲಿ ಪೇರಿಸಬೇಡಿ. ಹೀರುವ ಬೇರು ಇರುವುದು ಕೊಂಬೆಯ ತುದಿಯಿಂದ ನೀರು ತೊಟ್ಟಿಕ್ಕುವ ಜಾಗದಲ್ಲಿ. ಹಾಕಿದ ಮೇಲೆ ಸೋಗೆಯನ್ನೋ ದರಗನ್ನೋ ಮುಚ್ಚಿ. ಮಳೆ ಹನಿಯ ಪೆಟ್ಟು ಮಣ್ಣಿಗೆ ಬೀಳಬಾರದು.

ಕುಂಡಗಳದ್ದು ಬೇರೆ ಲೆಕ್ಕ. ಮಣ್ಣು ಕಡಿಮೆ, ತಳದಲ್ಲಿ ತೂತು. ಮಳೆಗಾಲದಲ್ಲಿ ಸೂರಿನಡಿಗೆ ಎಳೆಯಿರಿ, ಆಗದಿದ್ದರೆ ಬುಡಕ್ಕೆ ಅಡಿಕೆ ಹಾಳೆ ಸೀಳಿ ಹೊದಿಸಿ. ನಾನು ಎರಡು ಪಾಲು ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ಸುಟ್ಟ ಉಮಿ ಬೆರೆಸುತ್ತೇನೆ. ಕುಂಡಕ್ಕೆ ಮಾತ್ರ ನಾನು 19:19:19 ಬಳಸುವುದು, ಲೀಟರಿಗೆ 2 ಗ್ರಾಂ, 15 ದಿನಕ್ಕೊಮ್ಮೆ. ಆಂಥೂರಿಯಂಗೆ ಅದರ ಅರ್ಧ. ಕುಂಡದ ಅಂಚಲ್ಲಿ ಬಿಳಿ ಉಪ್ಪು ಕಂಡರೆ ಜಾಸ್ತಿಯಾಗಿದೆ ಅಂತ. ತಳದಿಂದ ಧಾರಾಳವಾಗಿ ಹರಿಯುವಷ್ಟು ನೀರು ಹಾಕಿ ತೊಳೆಯಿರಿ, ಒಂದು ತಿಂಗಳು ಗೊಬ್ಬರ ಬಂದ್.

ಎಲೆ ಏನು ಹೇಳುತ್ತದೆ

ಕೆಳಗಿನ ಹಳೇ ಎಲೆ ಪೂರ್ತಿ ಹಳದಿಯಾಗುತ್ತಾ ಬಂದರೆ ಸಾರಜನಕ ಸಾಲದು. ಗಿಡ ಹಳೇ ಎಲೆಯಿಂದ ಕಿತ್ತು ಹೊಸ ಚಿಗುರಿಗೆ ಕೊಡುತ್ತಿರುತ್ತದೆ, ಮನೆಯ ಅಜ್ಜಿ ತನ್ನ ತಟ್ಟೆಯದನ್ನು ಮೊಮ್ಮಗುವಿಗೆ ಹಾಕಿದ ಹಾಗೆ. ಹಳೇ ಎಲೆಯಲ್ಲೇ ನರ ಹಸಿರು, ನಡುವೆ ಹಳದಿ ಅಂದರೆ ಮೆಗ್ನೀಸಿಯಂ ಕೊರತೆ. ನಮ್ಮ ಕಡೆ ಇದು ಜಾಸ್ತಿ. ಆಗ ಎಪ್ಸಂ ಉಪ್ಪು ಲೀಟರಿಗೆ 5 ಗ್ರಾಂ ಬೆರೆಸಿ ಎಲೆಗೆ ಸಿಂಪಡಿಸಬಹುದು. ಹಳೇ ಎಲೆಯ ಅಂಚು ಒಣಗಿದರೆ ಪೊಟ್ಯಾಷ್. ಇದೇ ನರ ಹಸಿರು, ನಡುವೆ ಹಳದಿ ಹೊಸ ಎಲೆಯಲ್ಲಿ ಬಂದರೆ ಕಬ್ಬಿಣ ಸಿಗುತ್ತಿಲ್ಲ. ಹುಳಿ ಮಣ್ಣಿನಲ್ಲಿ ಇದು ಅಪರೂಪ. ಬಂದರೆ ಸುಣ್ಣವೋ ಬೂದಿಯೋ ಅತಿಯಾಗಿದೆಯೇ ಅಂತ ಮೊದಲು ನೋಡಿ. ಬಚ್ಚಲ ಹಿಂದಿನ ಕರಿಬೇವಿಗೆ ನಾನೇ ಹಾಗೆ ಮಾಡಿದ್ದೆ.

ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು, ಅಕ್ಕಿ ತೊಳೆದ ನೀರು, ಮೊಟ್ಟೆ ಚಿಪ್ಪು, ಕಾಫಿ ಚರಟ ಇವುಗಳ ಬಗ್ಗೆ ಕೇಳಿದವರಿಗೆ ಹೇಳುವುದು, ಕೆಡುಕಿಲ್ಲ, ಆದರೆ ಅದರಿಂದ ಹೂ ಬರುತ್ತದೆ ಅಂತ ಕಾಯಬೇಡಿ. ಸುಮ್ನೆ ಗುಪ್ಪೆಗೆ ಹಾಕಿ. ಹಾಲು-ಸಕ್ಕರೆ ಹಾಕಿದ ಚಹಾದ ಚರಟ ಕುಂಡಕ್ಕೆ ಹಾಕಿದರೆ ಇರುವೆಗೆ ಹಬ್ಬ. ಜೀವಾಮೃತ ನಾನೂ ಮಾಡಿದ್ದೇನೆ. 10 ಕೆಜಿ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಕಾಳಿನ ಹಿಟ್ಟು, ಒಂದು ಹಿಡಿ ಮಣ್ಣು, 200 ಲೀಟರ್ ನೀರು. ನನ್ನ ಅನುಭವದಲ್ಲಿ ಗೊಬ್ಬರ, ದರಗು ಇದ್ದ ಮಡಿಯಲ್ಲಿ ಅದು ಕೆಲಸ ಮಾಡಿತು, ಬೋಳು ಮಣ್ಣಿನಲ್ಲಿ ಮಾಡಲಿಲ್ಲ. 200 ಲೀಟರಿಗೆ ಹಂಚಿದರೆ ಅದರಲ್ಲಿ ಊಟ ಎಷ್ಟಿದ್ದೀತು?

ಇನ್ನು, ನಿಲ್ಲಿಸುವುದು ಯಾವಾಗ ಅಂತಲೂ ಗೊತ್ತಿರಬೇಕು. ಸ್ವಾತಿ ಮಳೆ ಮುಗಿಯುವಷ್ಟರಲ್ಲಿ, ಅಂದರೆ ನವೆಂಬರ್ ಮೊದಲಿಗೆ, ಡೇರೆ ಎಲೆ ಮಂಕಾಗುತ್ತದೆ. ಅದು ಕೊರತೆ ಅಲ್ಲ, ನಿದ್ದೆ. ಎಲೆಯಲ್ಲಿದ್ದದ್ದೆಲ್ಲ ಗೆಡ್ಡೆಗೆ ಇಳಿಯುತ್ತಿದೆ. ಈಗ ಗೊಬ್ಬರ ಕೊಟ್ಟರೆ ಮತ್ತೆ ಚಿಗುರಲು ಹೋಗಿ ಗೆಡ್ಡೆ ಸೊರಗುತ್ತದೆ. ಕಾಂಡ ಪೂರ್ತಿ ಒಣಗುವ ತನಕ ಬಿಡಿ. ಡಿಸೆಂಬರಿನಲ್ಲಿ ಒಂದು ಗೇಣು ಕಾಂಡ ಇರುವ ಹಾಗೆ ಕೊಯ್ದು, ಗೆಡ್ಡೆ ಕಿತ್ತು, ಎರಡು ದಿನ ನೆರಳಲ್ಲಿ ಆರಿಸಿ, ಒಣ ಮರಳಿನಲ್ಲಿ ಹೂತು ಅಟ್ಟದ ಮೇಲೆ ಇಡಿ. ಬಣ್ಣ ಬರೆದ ಚೀಟಿ ಕಟ್ಟುವುದನ್ನು ಮರೆಯಬೇಡಿ. ಹೋದ ವರ್ಷ ಇಲಿ ನನ್ನ ಚೀಟಿ ತಿಂದು ಗೆಡ್ಡೆ ಬಿಟ್ಟಿತ್ತು. ಮೇ ತಿಂಗಳಲ್ಲಿ ಕಣ್ಣು ಮುಚ್ಚಿ ಹಂಚಿದೆ. ನೇರಳೆ ಬಣ್ಣದ್ದು ಪಕ್ಕದ ಮನೆಗೆ ಹೋಗಿದೆ.